ಕೊನೆಯ ಬೆಂಚಿನ ಹಿಂದೆ ನಿಂತವ

ನಮ್ಮ ಹೈಸ್ಕೂಲಿನ ಹಿತ್ತಲಲ್ಲಿ ಬಿಸಿಯೂಟಕ್ಕೆಂದು ಹಬ್ಬಿಸಿದ ತೊಂಡೆ ಚಪ್ಪರವೊಂದಿದೆ. ಅಡುಗೆಯವರು ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೆ ಚೆಲ್ಲುತ್ತಾರೆ, ಅಷ್ಟರಲ್ಲೇ ಅದು ಬದುಕಿಕೊಂಡಿದೆ. ಆದರೆ ವರ್ಷಕ್ಕೆ ಒಂದು ದಿನ ಆ ಚಪ್ಪರಕ್ಕೆ ಭಾರೀ ಬಾಯಾರಿಕೆಯಾಗುತ್ತದೆ. ಅವತ್ತು ಎಂಟನೇ ತರಗತಿಯ ಆರು ಮಕ್ಕಳನ್ನು ಕರೆದು, ಕೈಗೆ ಬಕೆಟ್ ಕೊಟ್ಟು, ಗಂಟೆ ಹೊಡೆಯುವ ತನಕ ನೀರು ಹಾಕುತ್ತಲೇ ಇರಿ, ಕ್ಲಾಸಿನ ಕಡೆ ಮುಖ ಹಾಕಬೇಡಿ ಎಂದು ಕಳಿಸುತ್ತೇವೆ. ಅದು ಬಿ.ಎಡ್. ಓದುವವರ ಪರೀಕ್ಷಾ ಪಾಠದ ದಿನ. ಆ ಆರು ಮಕ್ಕಳು ಯಾರೆಂದರೆ ಪ್ರಶ್ನೆ ಕೇಳಿದರೆ ಬಾಯಿ ಬಿಡದವರು. ಅವರ ಹೆಸರಿನ ಚೀಟಿಯನ್ನು ಮಾರ್ಗದರ್ಶಿ ಶಿಕ್ಷಕ ಬರೆದುಕೊಡಬೇಕು. ಎರಡು ವರ್ಷ ಆ ಚೀಟಿ ಬರೆದವನು ನಾನು. ಇದರಲ್ಲಿ ಯಾರ ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ಒಂದು ಪಟ್ಟಿ ಮಾಡಲು ಕೂತೆ. ನನ್ನ ಹೆಸರೇ ಮೂರು ಸಲ ಬಂತು, ಮೊದಲ ಸಲ ಈ ಚೀಟಿಗಾಗಿ.

ಗೊತ್ತಿಲ್ಲದವರಿಗೆ ಹೇಳಬೇಕು. ಯಲ್ಲಾಪುರದಿಂದ ಅರಬೈಲ್ ಕಡೆ ಘಟ್ಟ ಇಳಿಯುವುದಕ್ಕೆ ಮೊದಲೇ ಸಿಗುವ ಊರು ನಮ್ಮ ಶಾಲೆಯದು. ಪ್ರತಿ ವರ್ಷ ಶಿರಸಿಯ ಒಂದು ಕಾಲೇಜಿನಿಂದ ಮೂರೋ ನಾಲ್ಕೋ ಜನ ಪ್ರಶಿಕ್ಷಣಾರ್ಥಿಗಳು ಬರುತ್ತಾರೆ. ಮೊದಲು ನಮ್ಮ ಪಾಠ ನೋಡುತ್ತಾರೆ, ಆಮೇಲೆ ತಾವೇ ಪಾಠ ಮಾಡುತ್ತಾರೆ. ಕೊನೆಯ ವಾರ ಕಾಲೇಜಿನಿಂದ ಒಬ್ಬ ಉಪನ್ಯಾಸಕರು ಕಾರಿನಲ್ಲಿ ಬಂದು, ಕೊನೆಯ ಬೆಂಚಿನಲ್ಲಿ ಕೂತು, ಅಂಕ ಹಾಕಿ ಹೋಗುತ್ತಾರೆ. ಅದೇ ಪರೀಕ್ಷಾ ಪಾಠ. ಇವರನ್ನು ಒಳ್ಳೆಯ ಶಿಕ್ಷಕರನ್ನಾಗಿ ತಿದ್ದುವುದು ಮಾರ್ಗದರ್ಶಿಯಾದ ನನ್ನ ಕೆಲಸ. ಹಾಗಂತ ಆದೇಶದಲ್ಲಿ ಬರೆದಿದೆ.

ನಾವು ತಿದ್ದುವ ಬಗೆ ಹೀಗೆ. ಪರೀಕ್ಷೆಯ ಹಿಂದಿನ ದಿನ ಅದೇ ಪಾಠವನ್ನು ಅದೇ ಮಕ್ಕಳಿಗೆ ಒಂದು ಸಲ ಮಾಡಿಸುತ್ತೇವೆ. ಯಾವ ಪ್ರಶ್ನೆಗೆ ಯಾರು ಏಳಬೇಕೆಂದು ಹೇಳಿಡುತ್ತೇವೆ. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತುವ ಹಳೇ ಉಪಾಯ ಇದೆಯಲ್ಲ, ಅದು ಈಗ ಉಪನ್ಯಾಸಕರಿಗೂ ಗೊತ್ತಾಗಿಬಿಟ್ಟಿದೆ, ಅವರೂ ಒಂದು ಕಾಲದಲ್ಲಿ ಎತ್ತಿಸಿದವರೇ ತಾನೆ. ಹಾಗಾಗಿ ನಮ್ಮಲ್ಲಿ ಸುಧಾರಿತ ತಳಿ ಬಂದಿದೆ. ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಬೋರ್ಡಿಗೆ ಮುಖ ಮಾಡಿ ಕೂತಿರುತ್ತಾರೆ. ಅವರ ಬೆನ್ನ ಹಿಂದೆ, ಗೋಡೆಗೆ ಒರಗಿ ಮಾರ್ಗದರ್ಶಿ ನಿಂತಿರುತ್ತಾನೆ. ಉತ್ತರ ಹೇಳಲು ಎದ್ದ ಹುಡುಗ ಹಿರಿಯರ ಕಡೆ ತಿರುಗಿ ಹೇಳುವುದು ಮರ್ಯಾದೆ ಎಂದು ಕಲಿಸಿರುತ್ತೇವೆ. ಅವನು ತಿರುಗಿದ ಕೂಡಲೇ ಮಾರ್ಗದರ್ಶಿ ಸದ್ದಿಲ್ಲದೆ ತುಟಿಯಲ್ಲಿ ಉತ್ತರ ಆಡಿಸುತ್ತಾನೆ. ಹುಡುಗ ಓದಿಕೊಂಡು ಗಟ್ಟಿಯಾಗಿ ಹೇಳುತ್ತಾನೆ. ಉಪನ್ಯಾಸಕರಿಗೆ ತಮ್ಮ ಕಡೆಗೇ ಕಣ್ಣಿಟ್ಟು ಮಾತಾಡುವ ಧೈರ್ಯವಂತ ವಿದ್ಯಾರ್ಥಿ ಕಾಣುತ್ತಾನೆ, ಅಂಕ ಬೀಳುತ್ತದೆ.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಸಿದ್ದಾಪುರದಲ್ಲಿ ಬೆಳೆಯುವಾಗಲೇ ನನಗೆ ಕಂಡವರ ಅಣಕ ಮಾಡುವ ಚಟ. ಬಸ್ಸಿನ ಕಂಡಕ್ಟರು, ಪೋಸ್ಟಿನವರು, ಮೂಗಿನಲ್ಲಿ ಮಂತ್ರ ಹೇಳುವ ಭಟ್ಟರು, ಎಲ್ಲರನ್ನೂ ಮಾಡಿ, ಎಲ್ಲರಿಂದಲೂ ಬೈಸಿಕೊಂಡವನು. ಮುಖದ ಸ್ನಾಯುಗಳು ಹೇಳಿದಂತೆ ಕೇಳುತ್ತವೆ. ‘ದ್ಯುತಿಸಂಶ್ಲೇಷಣೆ’ಯಂಥ ಶಬ್ದವನ್ನು ಬರೀ ತುಟಿಯಲ್ಲಿ ಮೂವತ್ತು ಅಡಿ ದೂರ ದಾಟಿಸಿದವನು ನಾನು. ಪಕ್ಕದ ಶಾಲೆಯವರು ಪರೀಕ್ಷಾ ಪಾಠದ ದಿನ ನನ್ನನ್ನು ಕಡ ಕೇಳಿದ್ದೂ ಉಂಟು. ಅದು ಹೊಗಳಿಕೆ ಎಂದುಕೊಂಡಿದ್ದೆ, ಪೆದ್ದ ಬೋಳೆ.

ಕಳೆದ ಸಲ ಬಂದ ಮೂವರಲ್ಲಿ ವಿಜ್ಞಾನದವಳು ಒಬ್ಬಳೇ. ಶಿರಸಿ ಪೇಟೆಯವಳು. ತಂದೆ ಲಾರಿ ಓಡಿಸುವವರು, ಮನೆಮಾತು ಉರ್ದು, ಕನ್ನಡ ನನಗಿಂತ ಶುದ್ಧ. ಬೆಳಿಗ್ಗೆ ಎರಡು ಬಸ್ ಬದಲಿಸಿ ನಮಗಿಂತ ಮೊದಲೇ ಬಂದಿರುತ್ತಿದ್ದಳು. ಶಿರಸಿಯ ಒಂದು ಖಾಸಗಿ ಶಾಲೆಯವರು, ಪರೀಕ್ಷಾ ಪಾಠದಲ್ಲಿ ‘ಎ’ ಶ್ರೇಣಿ ಬಂದರೆ ಜೂನಿಗೆ ಬಾ, ವಿಜ್ಞಾನಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಆಕೆಗೆ ಮಾತು ಕೊಟ್ಟಿದ್ದರು. ಅದನ್ನು ಆಕೆ ಮೊದಲ ದಿನವೇ ಹೇಳಿದಳು.

“ಎ ಗ್ರೇಡು ತಾನೆ? ಅದು ನನ್ನ ತುಟಿಯಲ್ಲಿದೆ ಮೇಡಂ, ಹೆದರ್ಕೋಬೇಡಿ,” ಅಂದೆ.

ಆಕೆಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದು ಮೂರನೇ ದಿನ, ಆಕೆಯ ಮೊದಲ ಪಾಠದಲ್ಲಿ. ಪಾಠ ಘರ್ಷಣೆಯದು. ಆಕೆ ಒಂದು ಚೆಂಡನ್ನು ನೆಲದ ಮೇಲೆ ಉರುಳಿಸಿ, “ಯಾರೂ ಹಿಡೀಲಿಲ್ಲ. ಆದ್ರೂ ಯಾಕೆ ನಿಂತಿತು?” ಎಂದು ಕೇಳಿ ಸುಮ್ಮನಾದಳು.

ಸುಮ್ಮನೆ ಅಂದರೆ ಪೂರಾ ಸುಮ್ಮನೆ. ಮಕ್ಕಳನ್ನು ನೋಡುತ್ತ ನಿಂತಳು. ಹೊರಗೆ ಘಟ್ಟದ ಲಾರಿಯೊಂದು ಗೇರು ಬದಲಿಸಿದ್ದು ಕೇಳಿತು. ಅಡುಗೆಮನೆಯಲ್ಲಿ ಸೌಟು ಬಿದ್ದದ್ದು ಕೇಳಿತು. ಪಾಪ, ಮುಂದಿನದು ಮರೆತುಹೋಯಿತು ಎಂದುಕೊಂಡೆ. ನನ್ನ ತುಟಿ ನನ್ನನ್ನು ಕೇಳದೆಯೇ ಆಡಿತು. ಮೂರನೇ ಬೆಂಚಿನ ಹುಡುಗ ಎದ್ದು ಹಿಂದೆ ತಿರುಗಿ, “ಘರ್ಷಣೆಯಿಂದ!” ಎಂದು ಕೂಗಿದ.

ಆಕೆ ನನ್ನನ್ನು ನೋಡಿದಳು, ಅವನನ್ನು ನೋಡಿದಳು. “ಅದು ಸರ್ ಹೇಳಿದ್ದು. ನೀನು ಏನು ಹೇಳ್ತೀಯ?” ಅಂದಳು.

ಇಡೀ ಕ್ಲಾಸು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಅಣಕ ಮಾಡುವವನಿಗೆ ತನ್ನನ್ನು ನೋಡಿ ನಗುವುದು ಮಾತ್ರ ಹಿಡಿಸುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಸೇಡು ತೀರಿಸಿಕೊಂಡೆ. ಶಿಕ್ಷಕರ ಕೋಣೆಯ ನಡುವೆ ನಿಂತು ಆಕೆಯ ಪಾಠ ಮಾಡಿ ತೋರಿಸಿದೆ. ಚೆಂಡಿನ ಬದಲು ಒಂದು ಲಿಂಬೆಹಣ್ಣು ಉರುಳಿಸಿ, ಪ್ರಶ್ನೆ ಕೇಳಿ, ಕಣ್ಣು ದೊಡ್ಡದು ಮಾಡಿಕೊಂಡು ನಿಂತೆ. ನಿಂತೇ ಇದ್ದೆ. ನಿಂತಲ್ಲೇ ಗಡ್ಡ ಬೆಳೆಯಿತು, ಬೆನ್ನು ಬಾಗಿತು, ಕೋಲು ಹಿಡಿದೆ, ನಿವೃತ್ತಿಯ ಶಾಲು ಹೊದೆಸಿಕೊಂಡೆ, ಆದರೂ ಉತ್ತರಕ್ಕೆ ಕಾಯುತ್ತಲೇ ಇದ್ದೆ. ಸಹೋದ್ಯೋಗಿಗಳು ಅನ್ನ ನೆತ್ತಿಗೇರಿಸಿಕೊಂಡು ನಕ್ಕರು. ಆಕೆಯೂ ನಕ್ಕಳು. ಆಮೇಲೆ ಡಬ್ಬಿ ಮುಚ್ಚಿ ಕೇಳಿದಳು.

“ಸರ್, ನಿಮ್ಮ ಪಾಠ ಎರಡು ದಿನ ನೋಡಿದೆ. ನೀವು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯ್ತೀರಿ ಗೊತ್ತಾ?”

“ಹೇಳಿ ಮೇಡಂ, ನಿಮ್ಮ ಹತ್ರ ಗಡಿಯಾರ ಇದೆ.”

“ಎರಡು ಎಣಿಸುವಷ್ಟು. ಆಮೇಲೆ ನೀವೇ ಉತ್ತರ ಹೇಳ್ತೀರಿ. ಮಕ್ಕಳ ಧ್ವನಿಯಲ್ಲಿ.”

ಕೋಣೆಯಲ್ಲಿ ನಗು ನಿಂತಿತು. ಏಕೆಂದರೆ ಅದು ನಿಜ, ಎಲ್ಲರಿಗೂ ಗೊತ್ತಿದ್ದದ್ದು. ನನ್ನ ಪಾಠವೆಂದರೆ ಏಕಪಾತ್ರಾಭಿನಯ. ಪ್ರಶ್ನೆ ನನ್ನದು, ಉತ್ತರವೂ ನನ್ನದು. ಮುಂದಿನ ಬೆಂಚಿನ ಜಾಣೆಯ ಕೀರಲು ಧ್ವನಿ, ಕಿಟಕಿಯ ಹತ್ತಿರ ಕೂರುವವನ ಗೊಗ್ಗರು, ತಪ್ಪು ಹೇಳುವವನ ತೊದಲು, ಒಂದೊಂದನ್ನೂ ಮಾಡಿ ತೋರಿಸುತ್ತೇನೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ‘ಸರ್ ಕ್ಲಾಸು ಅಂದ್ರೆ ಮಜ’ ಎಂದು ಪೋಷಕರ ಸಭೆಯಲ್ಲೂ ಹೇಳುತ್ತಾರೆ. ಪಾಠ ಮುಗಿಯುತ್ತದೆ. ನಾನೊಬ್ಬನೇ ಮಾತಾಡಿರುತ್ತೇನೆ.

ಆಗ ನನಗೆ ಬಂದದ್ದು ಆಕೆಯ ಮೇಲಿನ ಸಿಟ್ಟು. ಮೂರು ದಿನದ ಟ್ರೇನಿಂಗಿನವಳು ನನ್ನನ್ನು ಎಣಿಸುತ್ತಾಳೆ! ಸಂಜೆ ಬಾಡಿಗೆ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ಆಕೆಯ ಧ್ವನಿಯಲ್ಲೇ ಆಕೆಗೆ ಬೈದೆ. ಅದರಿಂದ ಬೈಗುಳ ನನಗೇ ಬಿದ್ದಂತಾಗಿ ಬಿಟ್ಟುಬಿಟ್ಟೆ.

ಆಮೇಲೆ ನಾನು ಹಿಂದೆ ನಿಂತು ಬರೀ ನೋಡತೊಡಗಿದೆ. ತಪ್ಪು ಹಿಡಿಯಲಿಕ್ಕೇ ನೋಡಿದೆ, ಸುಳ್ಳೇಕೆ ಹೇಳಲಿ. ತಪ್ಪುಗಳು ಇದ್ದವು. ಬೋರ್ಡಿನ ಮೇಲೆ ಅಕ್ಷರ ಇಳಿಜಾರು ಹಿಡಿಯುತ್ತಿತ್ತು. ಹುಡುಗರ ಕಡೆಗಿಂತ ಹುಡುಗಿಯರ ಕಡೆಗೇ ಹೆಚ್ಚು ನಿಲ್ಲುತ್ತಿದ್ದಳು. ಹೇಳಿದೆ, ತಿದ್ದಿಕೊಂಡಳು. ಕಾಯುವುದನ್ನು ಮಾತ್ರ ತಿದ್ದಿಕೊಳ್ಳಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಬೆನ್ನ ಹಿಂದೆ ಕೈ ಕಟ್ಟಿ ಬೆರಳಲ್ಲಿ ಎಣಿಸಿಕೊಳ್ಳುತ್ತಾಳೆಂದು ಆಮೇಲೆ ಗೊತ್ತಾಯಿತು. ಮಕ್ಕಳು ಮೊದಲ ವಾರ ಒದ್ದಾಡಿದರು. ನನ್ನ ಕಡೆ ತಿರುಗಿ ನೋಡಿದರು, ಮುಸಿಮುಸಿ ನಕ್ಕರು, ಒಬ್ಬ ಆಕಳಿಸಿದ. ಎರಡನೇ ವಾರ ಒಂದೆರಡು ಕೈ ಮೇಲೆದ್ದವು. ಉತ್ತರಗಳು ಅಡ್ಡಾದಿಡ್ಡಿ. ಆಕೆ ಅದನ್ನೇ ಹಿಡಿದು ಮುಂದಿನ ಪ್ರಶ್ನೆ ಮಾಡುತ್ತಿದ್ದಳು.

ಆ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಕಾಡಂಚಿನ ಕೇರಿಯವಳು, ಮನೆಯಲ್ಲಿ ಕೊಂಕಣಿ. ಹಳ್ಳ ದಾಟಿ ಅರ್ಧ ದಾರಿ ನಡೆದು, ಉಳಿದರ್ಧ ಸಿಕ್ಕಿದ ಗಾಡಿ ಹತ್ತಿ ಬರುತ್ತಿದ್ದಳು. ನನ್ನ ಎರಡು ವರ್ಷದ ಚೀಟಿಗಳ ಮಾದರಿಯಲ್ಲಿ ಹೇಳುವುದಾದರೆ ಆರರಲ್ಲಿ ಮೊದಲ ಹೆಸರು. ಮೂರನೇ ವಾರ, ಗಾಲಿಗೆ ಎಣ್ಣೆ ಯಾಕೆ ಬಿಡುತ್ತಾರೆ ಎಂಬ ಪ್ರಶ್ನೆ ಕೇಳಿ ಆಕೆ ಎಂದಿನಂತೆ ನಿಂತಿದ್ದಾಗ ಈ ಹುಡುಗಿ ಎದ್ದಳು. “ಅಕ್ಕೋರೇ, ಉಜ್ಜೂದು ಕಮ್ಮಿ ಆಗ್ಲಿ ಅಂತ,” ಅಂದಳು. ನಮ್ಮ ಕಡೆ ಶಾಲೆ ಮಕ್ಕಳ ಬಾಯಲ್ಲಿ ಹೆಣ್ಣು ಟೀಚರೆಲ್ಲ ಅಕ್ಕೋರೇ.

ನಾನು ಗೋಡೆ ಬಿಟ್ಟು ನೆಟ್ಟಗೆ ನಿಂತೆ. ಆ ಧ್ವನಿ ನನಗೆ ಹೊಸದು. ತುಸು ಒಡಕು, ಮಾತಿನ ಕೊನೆ ಮೇಲಕ್ಕೆ ಏರುವ ಧ್ವನಿ. ಮೂವತ್ತೈದು ಮಕ್ಕಳಲ್ಲಿ ಮೂವತ್ತನಾಲ್ಕು ಧ್ವನಿ ನಾನು ಮಾಡಬಲ್ಲೆ, ಕ್ಲಾಸಿನಲ್ಲಿ ಬಾಯಿ ಬಿಡದ ಉಳಿದ ಐವರದನ್ನೂ ಆಟದ ಬಯಲಲ್ಲಿ ಕೇಳಿ ಕಲಿತಿದ್ದೆ. ಈ ಒಂದನ್ನು ಮಾಡಲು ಬರುತ್ತಿರಲಿಲ್ಲ, ಏಕೆಂದರೆ ಜೂನಿನಿಂದ ಒಂದು ಸಲವೂ ಕೇಳಿರಲಿಲ್ಲ. ನನ್ನ ನಾಟಕದಲ್ಲಿ ಅವಳಿಗೆ ಮಾತೇ ಇರಲಿಲ್ಲ. ಪ್ರಶ್ನೆ ಅವಳ ಕಿವಿಗೆ ಕನ್ನಡದಲ್ಲಿ ಬಿದ್ದು, ಒಳಗೆ ಕೊಂಕಣಿಯಾಗಿ, ಉತ್ತರ ಮತ್ತೆ ಕನ್ನಡವಾಗಿ ಹೊರಡಬೇಕು. ನಾನು ಎರಡು ಎಣಿಸಿ ಬಾಗಿಲು ಹಾಕಿಕೊಂಡರೆ ಅವಳು ಹೊರಗೇ.

ಆ ದಿನ ಸಂಜೆ ಬಸ್ಸಿಗೆ ಕಾಯುವಾಗ ಆಕೆಗೆ ಹೇಳಿದೆ, “ಮೇಡಂ, ನಿಮ್ಮದು ಸರಿ.”

“ಯಾವ ಧ್ವನಿಯಲ್ಲಿ ಹೇಳ್ತಿದೀರಿ ಸರ್?” ಎಂದು ಕೇಳಿದಳು. ತಗೋ.

ಮಾರನೇ ವಾರ ಉಪನ್ಯಾಸಕರು ತಯಾರಿ ನೋಡಲೆಂದು ಮೊದಲ ಸಲ ಬಂದರು. ಹಾವೇರಿ ಕಡೆಯವರು, ಮಾತು ದೊಡ್ಡದು, ಮನುಷ್ಯ ಕೆಟ್ಟವರಲ್ಲ, ಮಕ್ಕಳಿಗೆಂದು ಪೇಪರ್ಮಿಂಟ್ ತಂದಿದ್ದರು. ಪಾಠವನ್ನು ನೋಡಲಿಲ್ಲ, ಪಾಠ ಯೋಜನೆಯ ಪುಸ್ತಕ ನೋಡಿದರು. ಅದರ ಒಂದೊಂದು ಪುಟವೂ ಕೆಂಪು ಗೆರೆ, ಹಸಿರು ಗೆರೆ, ಐದೈದು ನಿಮಿಷದ ಚೌಕ ಹಾಕಿ ಮದುವೆ ಮಂಟಪದಂತೆ ಇರಬೇಕು. ಪೀಠಿಕೆಗೆ ಐದು ನಿಮಿಷ, ಶಿಕ್ಷಕರ ಚಟುವಟಿಕೆ ಇಷ್ಟು, ವಿದ್ಯಾರ್ಥಿಯ ಚಟುವಟಿಕೆ ಇಷ್ಟು.

“ಮೇಡಮ್ಮರ, ಇದೇನ್ರಿ ಇಲ್ಲಿ, ‘ಕಾಯುವುದು’ ಅಂತ ಬರದೀರಿ? ಇದಕ್ಕ ಕಾಲಮ್ಮ ಇಲ್ರಿ.”

“ಮಕ್ಕಳು ಯೋಚಿಸೋ ಸಮಯ ಸರ್.”

“ಅವ್ರು ಮನ್ಯಾಗ ಯೋಚಿಸ್ಲಿ ಬಿಡ್ರಿ. ಪಿರೇಡನ್ಯಾಗ ಪ್ರತಿಕ್ರಿಯಾ ಕೊಡ್ಬೇಕು. ಪರೀಕ್ಷಾ ಪಾಠದಾಗ ಹಿಂಗ ನಿಂತ್ರ ನಾ ಏನ್ ಬರೀಲಿ? ಮೇಡಮ್ಮರು ಗೊಂಬಿ ಹಂಗ ನಿಂತಿದ್ರು ಅಂತ ಬರೀಲೇನು?”

ನಾನು ನಕ್ಕೆ. ಅವರ ‘ಗೊಂಬಿ ಹಂಗ’ ಕೇಳಿ ಅಣಕ ಮಾಡಲು ಒಳ್ಳೇ ಸಾಮಗ್ರಿ ಸಿಕ್ಕಿತೆಂದು ನಕ್ಕೆ. ಆಕೆಯ ಪರ ಒಂದು ಮಾತು ಆಡಬೇಕಾದ ಜಾಗದಲ್ಲಿ ಹಲ್ಲು ಕಿರಿದೆ. ಪಟ್ಟಿಯಲ್ಲಿ ನನ್ನ ಹೆಸರು ಎರಡನೇ ಸಲ ಬಂದದ್ದು ಇಲ್ಲಿ.

ಪರೀಕ್ಷಾ ಪಾಠದ ಹಿಂದಿನ ದಿನ ಹೆಡ್ಮಾಸ್ತರು ಕರೆದರು. ನಮ್ಮಿಬ್ಬರದೂ ಒಂದೇ ಮನೆಮಾತು, ಹಾಗಾಗಿ ಬಾಗಿಲು ಹಾಕಿದರೆ ಆಡಳಿತ ಭಾಷೆ ಬದಲಾಗುತ್ತದೆ.

“ತಮಾ, ಆರು ಜನದ ಚೀಟಿ ಕೊಟ್ಟಿದ್ದಿಲ್ಲೆ ನೀನು. ಎಂತಕ್ಕೆ?”

“ಈ ವರ್ಷ ಚೀಟಿ ಬೇಡ ಅನ್ಸ್ತು ಸರ್.”

“ಅನ್ಸದು ಗಿನ್ಸದು ಬಿಡು. ಆ ಟ್ರೇನಿಂಗ್ ಕೂಸಿಗೆ ನೌಕರಿ ಇದ್ದು ಇದ್ರ ಮೇಲೆ. ಉಪಕಾರ ಮಾಡಲೆ ಹೋಗಿ ಅದ್ರ ಕೈ ಕಡೀತ್ಯಾ?”

ಈ ಮಾತು ತಾಗಿತು. ಹೌದಲ್ಲ, ನನ್ನ ಜ್ಞಾನೋದಯಕ್ಕೆ ಆಕೆಯ ನೌಕರಿ ಯಾಕೆ ದಂಡ ತೆರಬೇಕು? ಚೀಟಿ ಬರೆದೆ. ಅದೇ ಆರು ಹೆಸರು, ಕೊಂಕಣಿ ಹುಡುಗಿಯದು ಮೊದಲು. ಬರೆದವನು ನೇರ ಹೆಡ್ಮಾಸ್ತರಿಗೆ ಕೊಡಬಹುದಿತ್ತು. ಕೊಡದೆ ಆಕೆಗೆ ತೋರಿಸಿದೆ, ನನ್ನ ಪಾಪ ಹಂಚಿಕೊಳ್ಳಲು ಜೊತೆ ಬೇಕಿತ್ತು ಅಂತ ಕಾಣುತ್ತದೆ.

ಆಕೆ ಚೀಟಿ ಓದಿ ಮಡಿಸಿದಳು. “ಇವರನ್ನ ಹೊರಗೆ ಹಾಕಿ ಯಾರಿಗೆ ಪಾಠ ಮಾಡ್ಲಿ ಸರ್? ಉಳಿದವರಿಗೆ ಮೊದಲೇ ಗೊತ್ತು.”

“ಒಂದು ದಿನ. ನಲವತ್ತು ನಿಮಿಷ. ಜೂನಿಗೆ ನಿಮ್ಮದೇ ಕ್ಲಾಸು ಸಿಗುತ್ತೆ, ಅಲ್ಲಿ ಬೇಕಾದಷ್ಟು ಕಾಯಿರಿ.”

“ಅಲ್ಲೂ ಇನ್ಸ್‌ಪೆಕ್ಟರ್ ಬರ್ತಾರೆ. ಅವತ್ತೂ ಒಂದು ದಿನ ಅಂತೀರಿ.”

“ಮೇಡಂ, ಹಟ ಮಾಡ್ಬೇಡಿ. ‘ಎ’ ಬರದಿದ್ರೆ ಆ ಶಾಲೆಯವರು ನಿಮ್ಮನ್ನ ಕಣ್ಣೆತ್ತಿಯೂ ನೋಡಲ್ಲ.”

“ಗೊತ್ತು ಸರ್. ನನಗೂ ಹೆದರಿಕೆ ಇದೆ. ಅಬ್ಬಾ ದಿನಾ ಕೇಳ್ತಾರೆ, ಎ ಬರುತ್ತಾ ಅಂತ.” ಚೀಟಿಯನ್ನು ನನಗೇ ವಾಪಸ್ ಕೊಟ್ಟಳು. “ಆದ್ರೆ ಆ ಹುಡುಗಿ ಈಗ ಬಾಯಿ ಬಿಟ್ಟಿದೆ. ನಾಳೆ ಬಕೆಟ್ ಕೊಟ್ರೆ ಮತ್ತೆ ಬಿಡಲ್ಲ. ಎಲ್ಲರೂ ಇರ್ಲಿ. ನೀವು ಹಿಂದೆ ನಿಲ್ಲಲೇಬೇಕು ಅಂತ ನಿಯಮ ಇದ್ರೆ ನಿಲ್ಲಿ. ಬಾಯಿ ಮಾತ್ರ ಅಲ್ಲಾಡಿಸ್ಬೇಡಿ.”

ಮಾತು ಕೊಟ್ಟೆ. ನನ್ನ ಜೀವಮಾನದಲ್ಲಿ ಬಾಯಿ ಅಲ್ಲಾಡಿಸದೆ ಇರುತ್ತೇನೆಂದು ಕೊಟ್ಟ ಮೊದಲ ಮಾತು.

ಮರುದಿನ ಉಪನ್ಯಾಸಕರು ಬಂದಾಗಲೇ ತಡವಾಗಿತ್ತು. ಇನ್ನೆರಡು ಪಾಠ ನೋಡಿ ಬೇರೆ ಶಾಲೆಗೂ ಹೋಗಬೇಕಿತ್ತು ಅವರಿಗೆ. ನಲವತ್ತು ನಿಮಿಷದ ಪಾಠದಲ್ಲಿ ಹತ್ತು ನಿಮಿಷ ಕೂರುತ್ತೇನೆಂದು ಹೇಳಿಯೇ ಕೂತರು. ನಾನು ಅವರ ಬೆನ್ನ ಹಿಂದೆ ಗೋಡೆಗೆ ಒರಗಿದೆ. ಮೂವತ್ತೈದೂ ಮಕ್ಕಳು ಇದ್ದರು. ಹೆಡ್ಮಾಸ್ತರು ಕಿಟಕಿಯಿಂದ ಇಣುಕಿ, ತಲೆ ಎಣಿಸಿ, ನನ್ನ ಕಡೆ ಹಲ್ಲು ಕಚ್ಚಿ ಹೋದರು.

ಪೀಠಿಕೆ ಚೆನ್ನಾಯಿತು. ಘಟ್ಟದಲ್ಲಿ ಮಳೆ ಬಂದಾಗ ಲಾರಿ ಯಾಕೆ ಜಾರುತ್ತದೆ ಎಂದು ಆಕೆ ತನ್ನ ಮನೆಯ ಕತೆಯನ್ನೇ ಹೇಳಿದಳು, ಮಕ್ಕಳು ಬಾಯಿ ಬಿಟ್ಟು ಕೇಳಿದರು. ಆಮೇಲೆ ಪ್ರಶ್ನೆ. “ನೀವು ದಿನಾ ನಡೆಯೋ ದಾರೀಲಿ ಕಾಲು ಜಾರೋ ಜಾಗ ಯಾವುದು? ಅಲ್ಲಿ ಜಾರದ ಹಾಗೆ ಏನು ಮಾಡ್ತಾರೆ?”

ಕೊಂಕಣಿ ಹುಡುಗಿ ತಕ್ಷಣ ಎದ್ದಳು. ಎದ್ದವಳು ಮರ್ಯಾದೆಯಿಂದ ಹಿಂದೆ ತಿರುಗಿದಳು. ನಾವು ಕಲಿಸಿದಂತೆ.

ತಿರುಗಿ ನನ್ನ ಬಾಯಿ ನೋಡಿದಳು.

ದೊಡ್ಡವರ ಎದುರಿಗೆ ಉತ್ತರ ಅಲ್ಲಿಂದ ಬರುತ್ತದೆ ಎಂದು ಆ ಶಾಲೆಯ ಎಲ್ಲ ಮಕ್ಕಳಿಗೂ ಗೊತ್ತು. ಹೊಸದಾಗಿ ಎಂಟಕ್ಕೆ ಸೇರುವವರು ಒಂಬತ್ತನೆಯವರಿಂದ ಕೇಳಿಕೊಂಡೇ ಬರುತ್ತಾರೆ. ಇನ್ನೂ ಮೂವತ್ತನಾಲ್ಕು ಮುಖಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು. ಯಾವ ನಾಟಕಕ್ಕೂ ನನಗೆ ಅಂಥ ಸಭೆ ಸಿಕ್ಕಿರಲಿಲ್ಲ. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ಅದನ್ನೂ ಒಂದು ಸನ್ನೆ ಎಂದುಕೊಂಡು ಹುಡುಗಿ ಕಣ್ಣು ಕಿರಿದು ಮಾಡಿ ಓದಲು ನೋಡಿದಳು. ತಲೆಯಾಡಿಸಿದೆ, ಅವಳೂ ಆಡಿಸಿದಳು. ಕೊನೆಗೆ ನಾನು ಪೂರಾ ತಿರುಗಿ ಗೋಡೆಗೆ ಮುಖ ಮಾಡಿ ನಿಂತೆ, ಶಿಕ್ಷೆ ಕೊಟ್ಟ ಹುಡುಗನ ಹಾಗೆ. ಗೋಡೆಯ ಮೇಲೆ ಯಾರೋ ಹೃದಯ ಕೊರೆದಿದ್ದರು, ಅದನ್ನೇ ನೋಡಿದೆ. ಹಿಂದೆ ಏನಾಗುತ್ತಿದೆಯೆಂದು ಬರೀ ಕಿವಿಯಲ್ಲಿ ಕೇಳಿದೆ.

ಏನೂ ಆಗುತ್ತಿರಲಿಲ್ಲ. ಉಪನ್ಯಾಸಕರ ಪೆನ್ನು ಟಕ್ ಟಕ್ ಅಂದಿತು.

“ಮುಂದ ಹೋಗ್ರಿ ಮೇಡಮ್ಮರ.”

“ಒಂದೇ ನಿಮಿಷ ಸರ್. ಅವಳು ಯೋಚನೆ ಮಾಡ್ತಿದಾಳೆ.”

“ಬ್ಯಾರೆ ಹುಡುಗುರ್ನ ಕೇಳ್ರಿ.”

ಆಕೆ ಬೇರೆಯವರನ್ನು ಕೇಳಲಿಲ್ಲ. ಬೆಂಚು ಕಿರುಗುಟ್ಟಿತು, ಉಪನ್ಯಾಸಕರು ಎದ್ದರು, ಹಾಳೆಯಲ್ಲಿ ಏನೋ ಗೀಚಿದ ಸದ್ದು, ಬೂಟಿನ ಸದ್ದು, ಬಾಗಿಲ ಹತ್ತಿರ ಹೋದ ಸದ್ದು, ವರಾಂಡದ ಸದ್ದು. ಆಗ ನನ್ನ ಹಿಂದಿನಿಂದ ಆ ಒಡಕು ಧ್ವನಿ ಬಂತು.

“ನಮ್ಮ ಹಳ್ಳ ದಾಟೂಕೆ ಸಂಕ ಇದೆ ಅಕ್ಕೋರೇ, ಮರದ್ದು. ಮಳೇಲಿ ಜಾರ್ತದೆ. ಅಪ್ಪ ಕತ್ತಿ ತಕಂಡು ಅದ್ರ ಮೇಲೆ ಕಚ್ಚು ಕಚ್ಚು ಹಾಕ್ತಾನೆ. ಆಮೇಲೆ ಜಾರೂದಿಲ್ಲ.”

ಮೇಲ್ಮೈಯನ್ನು ಒರಟುಗೊಳಿಸಿ ಘರ್ಷಣೆಯನ್ನು ಹೆಚ್ಚಿಸುವುದು. ನಾನು ಮೂರು ವರ್ಷದಿಂದ ನೋಟ್ಸಿನಲ್ಲಿ ಬರೆಸುತ್ತ ಬಂದ ವಾಕ್ಯ. ಅವಳು ದಿನಾ ಅದರ ಮೇಲೆ ನಡೆದು ಬರುತ್ತಿದ್ದಳು.

ನಾನು ಓಡಿದೆ. ವರಾಂಡದಲ್ಲಿ ಉಪನ್ಯಾಸಕರನ್ನು ಅಡ್ಡಗಟ್ಟಿದೆ. “ಸರ್, ಉತ್ತರ ಬಂತು! ಬನ್ನಿ, ಕೇಳಿ, ಇನ್ನೊಂದು ಸಲ ಹೇಳ್ತಾಳೆ.”

“ಬಂದ್ರ ಬರ್ಲಿ ಬಿಡ್ರಿ. ನಾ ನೋಡುಮುಂದ ಬರ್ಲಿಲ್ಲಲ್ರಿ.”

“ನೀವು ಎದ್ದು ಹೋದ್ರಿ ಸರ್. ಅದಕ್ಕೆ ಬರ್ಲಿಲ್ಲ.”

“ನೀವು ಗ್ವಾಡಿಗೆ ಮುಖಾ ಹಚ್ಚಿ ನಿಂತಿದ್ರೆಲ್ಲ, ನಿಮ್ಮನ್ನೂ ನೋಡೀನ್ರಿ,” ಅಂದರು. “ಮಾರ್ಗದರ್ಶಿ ಅಂದ್ರ ಹಂಗೇನ್ರಿ ನಿಲ್ಲೋದು?”

ಹೆಡ್ಮಾಸ್ತರ ಕೋಣೆಯಲ್ಲಿ ಅಂಕದ ಹಾಳೆ ಮುಂದಿಟ್ಟರು. ‘ವಿದ್ಯಾರ್ಥಿಗಳ ಪ್ರತಿಕ್ರಿಯೆ ಇಲ್ಲ. ಸಮಯ ನಿರ್ವಹಣೆ ಸಾಲದು.’ ಶ್ರೇಣಿ ‘ಬಿ’. ಕೆಳಗೆ ಮಾರ್ಗದರ್ಶಿಯ ಸಹಿಗೆ ಜಾಗ. ನಾನು ಸಹಿ ಹಾಕುವುದಿಲ್ಲ ಎಂದೆ. ಅಷ್ಟು ಸಿಟ್ಟು ಬಂದಿತ್ತು, ಬೈಯಲು ಬಾಯಿ ತೆರೆದರೆ ಮೊದಲು ಹೊರಟದ್ದು ಅವರದೇ ಹಾವೇರಿ ರಾಗ. ಅವರು ನಾನು ಗೇಲಿ ಮಾಡುತ್ತಿದ್ದೇನೆಂದು ಕೆಂಪಾದರು. ಗೇಲಿಯಲ್ಲ ಸರ್ ಎಂದು ಹೇಳಹೊರಟರೆ ಹೆಡ್ಮಾಸ್ತರ ಧ್ವನಿ ಬಂತು. ಇಬ್ಬರೂ ನನ್ನನ್ನು ನೋಡಿದರು. ನನಗೆ ಅಳು ಬರುವುದೊಂದು ಬಾಕಿ.

“ಸಹಿ ಇಲ್ಲಂದ್ರ ಮೂರೂ ಮಂದೀದು ಫಲಿತಾಂಶ ನಿಲ್ತೈತ್ರಿ,” ಅಂದರು ಉಪನ್ಯಾಸಕರು.

ಸಹಿ ಹಾಕಿದೆ. ಅದರ ಮೇಲೆ ಒಂದು ಸಾಲು ಬರೆದೆ: ‘ಉತ್ತರ ಬಂದಿದೆ. ಆಗ ಮೌಲ್ಯಮಾಪಕರು ಕೋಣೆಯಲ್ಲಿ ಇರಲಿಲ್ಲ.’ ಉಪನ್ಯಾಸಕರು ಓದಿದರು, ಸಿಟ್ಟಾಗಲಿಲ್ಲ. ಗುಮಾಸ್ತರ ಮೇಜಿನಿಂದ ವೈಟ್ನರ್ ತರಿಸಿದರು. ಆ ಸಾಲಿನ ಮೇಲೆ ನಿಧಾನವಾಗಿ, ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಬಳಿದು, ಉಫ್ ಉಫ್ ಎಂದು ಊದಿ ಒಣಗಿಸಿದರು. ಕೆಳಗೆ ನನ್ನ ಸಹಿ ಮಾತ್ರ ಉಳಿಯಿತು. ಹೆಡ್ಮಾಸ್ತರು ಚಹಾ ತರಿಸಿದರು. ನಾನೂ ಕುಡಿದೆ. ಆ ಚಹಾ ನೆನೆಸಿಕೊಂಡರೆ ಈಗಲೂ ಲೋಟ ಬಿಸಾಡಬೇಕೆನ್ನಿಸುತ್ತದೆ.

ಜೂನಿನಲ್ಲಿ, ಶಾಲೆ ಶುರುವಾದ ವಾರ, ಆಕೆ ಫೋನು ಮಾಡಿದಳು. ಬೆಳಗಿನ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು.

“ಸರ್, ಆ ಶಾಲೆಯವರು ಬೇರೆಯವರನ್ನ ತಗೊಂಡ್ರು. ಎ ಇರೋರನ್ನ.”

ನಾನು ಉಪನ್ಯಾಸಕರಿಗೆ ಬೈಯತೊಡಗಿದೆ. ಆಕೆಯನ್ನು ನಗಿಸೋಣವೆಂದು ಅವರ ಧ್ವನಿಯಲ್ಲೇ, ವೈಟ್ನರ್ ಊದುವ ಸದ್ದೂ ಸೇರಿಸಿ ಬೈದೆ. ಆ ಕಡೆಯಿಂದ ನಗು ಬರಲಿಲ್ಲ.

“ಅವರನ್ನ ಬಿಡಿ ಸರ್. ಅವರು ಹತ್ತು ನಿಮಿಷಕ್ಕೆ ಬಂದು ಹೋದವರು. ನನಗೆ ಸಿಟ್ಟು ನಿಮ್ಮ ಮೇಲೆ.”

“ನನ್ನ ಮೇಲೆ? ನಾನು ತುಟಿ ಅಲ್ಲಾಡಿಸ್ಲಿಲ್ಲವಲ್ಲ ಮೇಡಂ. ಗೋಡೆ ನೋಡ್ತಾ ನಿಂತಿದ್ದೆ.”

“ಅವತ್ತು ಅಲ್ಲಾಡಿಸ್ಲಿಲ್ಲ. ಮೊದಲು ಎಷ್ಟು ಅಲ್ಲಾಡಿಸಿದೀರಿ? ಅವಳು ಎದ್ದವಳು ಮೊದಲು ನಿಮ್ಮ ಮುಖ ನೋಡಿದಳು. ನಾನು ಎಣಿಸ್ತಾ ಇದ್ದೆ ಸರ್. ಹನ್ನೆರಡು ಎಣಿಸೋ ತನಕ ನಿಮ್ಮ ಮುಖದಲ್ಲೇ ಹುಡುಕಿದಳು. ನೀವು ತಿರುಗಿದ ಮೇಲೇ ತಾನಾಗಿ ಯೋಚನೆ ಶುರು ಮಾಡಿದ್ದು. ಅಷ್ಟು ಹೊತ್ತು ಮೊದಲೇ ಶುರು ಮಾಡಿದ್ರೆ, ಅವರು ಬಾಗಿಲು ದಾಟೋ ಮೊದಲು ಉತ್ತರ ಬರ್ತಿತ್ತು. ಆ ಹನ್ನೆರಡು ನನಗೆ ಬೇಕಿತ್ತು.”

ಆಕೆಯ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಮೂರನೇ ಸಲ ಬಂದದ್ದು ಹೀಗೆ, ಬರೆದವಳು ಆಕೆ.

“ಇನ್ನೂ ಬೈಯಿರಿ,” ಅಂದೆ.

“ಬೈದಾಯ್ತು. ಇಸಳೂರಲ್ಲಿ ಒಂದು ಚಿಕ್ಕ ಶಾಲೆ ಇದೆ, ನಾಲ್ಕನೇ ಕ್ಲಾಸಿಗೆ ಕರೆದಿದಾರೆ, ನಾಳೆಯಿಂದ ಹೋಗ್ತೇನೆ. ಆ ಹುಡುಗಿ ಏನು ಮಾಡ್ತಿದೆ?”

“ಒಂಬತ್ತನೇ ಕ್ಲಾಸಿಗೆ ಬಂದಿದೆ. ಈಗ ನನ್ನದೇ ಪಿರೇಡು.”

“ಮತ್ತೆ ನನ್ನ ಹತ್ರ ಎಂತಕ್ಕೆ ಮಾತಾಡ್ತಾ ನಿಂತಿದೀರಿ?” ಎಂದು ಫೋನಿಟ್ಟಳು.

ಕ್ಲಾಸಿಗೆ ಹೋದೆ. ನನ್ನನ್ನು ಕಂಡು ಮಕ್ಕಳ ಮುಖ ಅರಳಿತು, ಮಜ ಶುರುವಾಗುತ್ತದೆ ಎಂದು. ಹಾಜರಿ ಕೂಗಿ ಒಂದು ಪ್ರಶ್ನೆ ಕೇಳಿದೆ: ಕೊಡದಲ್ಲಿ ತುಂಬಿಟ್ಟ ನೀರು ದಿನ ಕಳೆದಂತೆ ಯಾಕೆ ಕಡಿಮೆಯಾಗುತ್ತದೆ? ಕೇಳಿದ ಕೂಡಲೇ ಎಲ್ಲ ಕಣ್ಣುಗಳೂ ನನ್ನ ತುಟಿಗೆ ಬಂದು ಅಂಟಿಕೊಂಡವು. ಕೀರಲು ಧ್ವನಿ ಗಂಟಲ ತುದಿಗೆ ಬಂತು, ನುಂಗಿದೆ. ಅವರಿಗೆ ಬೆನ್ನು ಹಾಕಿ ಖಾಲಿ ಬೋರ್ಡು ನೋಡುತ್ತ ನಿಂತೆ. ಮೊದಲು ನಕ್ಕರು, ಇದೂ ಒಂದು ನಾಟಕವೆಂದು. ನಗು ನಿಂತಿತು. ಯಾರೋ ಕೆಮ್ಮಿದರು. ಬೆಂಚು ಅಲ್ಲಾಡಿತು.

ಅವತ್ತು ಗಂಟೆ ಹೊಡೆಯುವ ತನಕ ಒಬ್ಬರೂ ಮಾತಾಡಲಿಲ್ಲ. ಮಾರನೇ ದಿನ ಹೋಗಿ ಮತ್ತೆ ಅದೇ ಪ್ರಶ್ನೆ ಕೇಳಿದೆ.